ಅಳು ಬರುವಾಗ ಸ್ತೋತ್ರ ಹೇಳಲೇಬೇಕೆ?

ಪ್ರಶ್ನೆ: ಮದುವೆ ಮುರಿದು ಎಂಟು ತಿಂಗಳಾಯಿತು. ಮಗನೊಂದಿಗೆ ತವರಿನಲ್ಲಿದ್ದೇನೆ. ನಮ್ಮ ಕನ್ನಡ ಸಭೆಯ ಪ್ರಾರ್ಥನಾ ಕೂಟದಲ್ಲಿ ಕಣ್ಣೀರು ಬಂದರೆ ‘ಅಳಬೇಡ, ಸ್ತೋತ್ರ ಹೇಳು, ನಿನಗೆ ವಿಶ್ವಾಸ ಸಾಲದು’ ಅನ್ನುತ್ತಾರೆ. ಮನೆಯಲ್ಲಿ ಒಬ್ಬಳೇ ಕೂತರೆ ಪ್ರಾರ್ಥನೆಗೆ ಬಾಯೇ ಬರುವುದಿಲ್ಲ. ದೇವರು ಮುರಿದೇ ಕಟ್ಟುತ್ತಾನೆ ಅನ್ನುವುದು ನಿಜವೇ?
— ಹೆಸರು ಬೇಡ, ಡೊಂಬಿವಲಿ

ಉತ್ತರ: ಅಳುವುದು ಅವಿಶ್ವಾಸವಲ್ಲ, ತಂಗಿ. ಬೈಬಲಿನ 150 ಕೀರ್ತನೆಗಳಲ್ಲಿ ಮೂರರಲ್ಲೊಂದು ಪಾಲು ಗೋಳಾಟವೇ. ಅವನ್ನು ತೆಗೆದು ಬರೀ ಸ್ತೋತ್ರ ಉಳಿಸಿಕೊಂಡರೆ ನೊಂದವರ ಕೈಯಿಂದ ಬೈಬಲನ್ನೇ ಕಿತ್ತುಕೊಂಡಂತೆ.

13ನೇ ಕೀರ್ತನೆಯಿಂದ ಶುರು ಮಾಡಿ. ಇರುವುದು ಆರೇ ವಚನ. ಮೊದಲ ಎರಡರಲ್ಲಿ ‘ಇನ್ನೆಷ್ಟು ಕಾಲ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ನಂತರದ ಎರಡು ಬೇಡಿಕೆ, ಕಡೆಯ ಎರಡು ಭರವಸೆ. ಒಂದು ನೋಟ್‌ಬುಕ್ಕಿನಲ್ಲಿ ಇದೇ ಕ್ರಮದಲ್ಲಿ ದಿನಕ್ಕೆ ಹತ್ತು ನಿಮಿಷ ಬರೆಯಿರಿ. ಮೊದಲು ನಿಮ್ಮ ನಾಲ್ಕು ‘ಇನ್ನೆಷ್ಟು ಕಾಲ’: ಮಗನ ಫೀಸು, ಕೋರ್ಟಿನ ತಾರೀಖು, ನೆರೆಯವರ ಮಾತು, ಏನಿದೆಯೋ ಅದನ್ನು ಹೆಸರು ಹಿಡಿದೇ ಬರೆಯಿರಿ. ಆಮೇಲೆ ಆ ದಿನದ ಮಟ್ಟಿಗೆ ಒಂದೇ ಒಂದು ಬೇಡಿಕೆ. ಮೂರನೆಯ ಭಾಗ ಬಂದರೆ ಬರಲಿ, ಬಾರದಿದ್ದರೆ ಆ ಜಾಗ ಖಾಲಿ ಬಿಡಿ. ಹೆಚ್ಚಿನವರು ಎಡವುವುದು ಇಲ್ಲೇ. ಮೊದಲ ಎರಡನ್ನು ಹಾರಿಸಿ ನೇರ ಭರವಸೆಗೆ ಜಿಗಿಯುತ್ತಾರೆ. ನೋವು ಒಳಗೇ ಉಳಿದು ವಾರದೊಳಗೆ ಪ್ರಾರ್ಥನೆ ಬರೀ ಬಾಯಿಪಾಠವಾಗುತ್ತದೆ. 88ನೇ ಕೀರ್ತನೆ ಕತ್ತಲೆಯ ಮಾತಿನಲ್ಲೇ ನಿಂತುಬಿಡುತ್ತದೆ, ಮುಂದೆ ಒಂದು ಸಾಲೂ ಇಲ್ಲ. ಅದೂ ಪ್ರಾರ್ಥನೆಯೇ.

ಇನ್ನು ‘ಮುರಿದು ಕಟ್ಟುತ್ತಾನೆ’ ಅನ್ನುವ ಮಾತು. ಬೈಬಲಿನ ಯೆರೆಮೀಯ ಪುಸ್ತಕದ 18ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಕುಂಬಾರ ಅಲ್ಲಿ ಮಡಕೆಯನ್ನು ಒಡೆಯುವುದಿಲ್ಲ. ಕೈಯಲ್ಲಿದ್ದಾಗಲೇ ಅದು ಕೆಡುತ್ತದೆ. ಅದೇ ಮಣ್ಣಿನಿಂದ ಆತ ಇನ್ನೊಂದನ್ನು ಮಾಡುತ್ತಾನೆ. ಒಡೆಯುವುದು 19ನೇ ಅಧ್ಯಾಯದಲ್ಲಿ, ಅದು ಸುಟ್ಟ ಮಡಕೆ, ಮತ್ತೆ ಸರಿಮಾಡಲು ಆಗದ್ದು. ಧಾರಾವಿಯ ಕುಂಬಾರವಾಡದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ: ಆವಿಗೆಗೆ ಹೋಗದ ಮಡಕೆ ಎಷ್ಟೇ ಒಣಗಿರಲಿ, ನೀರಲ್ಲಿ ನೆನೆಸಿದರೆ ಕರಗಿ ಮತ್ತೆ ತುಳಿದು ಹದಮಾಡುವ ಮಣ್ಣಾಗುತ್ತದೆ. ಸುಟ್ಟ ಮೇಲೆ ಆಗುವುದಿಲ್ಲ. ನಿಮ್ಮ ಕಣ್ಣೀರು ನಿಮ್ಮನ್ನು ಹಸಿಯಾಗಿಯೇ ಇಟ್ಟಿದೆ. ಗಂಡ ಮಾಡಿದ ತಪ್ಪು ಗಂಡನದು. ಅದನ್ನು ದೇವರ ಲೆಕ್ಕಕ್ಕೆ ಬರೆಯಬೇಡಿ. ಮನೆಯಲ್ಲಿ ಹೊಡೆತ ಬಡಿತ ಇದ್ದಿದ್ದರೆ, ಕ್ಷಮಿಸುವುದೆಂದರೆ ಅಲ್ಲಿಗೇ ವಾಪಸು ಹೋಗುವುದು ಎಂದು ಯಾರು ಹೇಳಿದರೂ ಕೇಳಬೇಡಿ.

ಮನಸ್ಸು ಬಿಚ್ಚಲು ಕೂಟ ಬೇಡ, ಒಬ್ಬರು ಸಾಕು. ವಯಸ್ಸಾದ, ಬಾಯಿ ಬಿಗಿಯಿರುವ ಹೆಂಗಸೊಬ್ಬರನ್ನು ಆರಿಸಿಕೊಳ್ಳಿ. ಮೊದಲು ಸಣ್ಣದೊಂದು ವಿಷಯ ಹೇಳಿ ಎರಡು ವಾರ ಕಾಯಿರಿ. ‘ಇವಳಿಗಾಗಿ ಪ್ರಾರ್ಥಿಸಿ’ ಎಂಬ ರೂಪದಲ್ಲಿ ಅದು ವಾಟ್ಸಾಪ್ ಗುಂಪಿಗೆ ಬಂದರೆ ಅವರಲ್ಲಿ ಮುಂದಿನದನ್ನು ಹೇಳಬೇಡಿ.

ದೇಹವನ್ನೂ ಮರೆಯಬೇಡಿ. ಸಾವು ಬೇಡಿ ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು, ನಿದ್ದೆ, ಮತ್ತೆ ರೊಟ್ಟಿ. ದೇವರ ಪ್ರಶ್ನೆ ಬಂದದ್ದು 40 ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ. ಸದ್ಯ ನಿಮಗೆ ಉಪವಾಸ ಪ್ರಾರ್ಥನೆ ಬೇಡ. ಎರಡು ವಾರ ಬಿಡದೆ ನಿದ್ದೆ, ಹಸಿವು, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಮನೋವೈದ್ಯರನ್ನು ಕಾಣಿ. ಮಾತ್ರೆ ಕೊಟ್ಟರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಗುಣವಾಯಿತೆಂದು ‘ವಿಶ್ವಾಸದಿಂದ’ ಒಮ್ಮೆಲೇ ನಿಲ್ಲಿಸಬೇಡಿ. ಸಾಯುವ ಯೋಚನೆ ಬಂದರೆ ಆ ಕ್ಷಣವೇ ಮನೆಯವರಿಗೆ ಹೇಳಿ, 14416ಕ್ಕೆ ಫೋನ್ ಮಾಡಿ. ಅದು ಸರಕಾರದ ಟೆಲಿ ಮಾನಸ್, ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಪ್ರಶ್ನೆ: ಹದಿನೈದು ವರ್ಷದಿಂದ ದಿನವೂ ಕುಡಿಯುತ್ತೇನೆ. ಪಾಪನಿವೇದನೆ ಮಾಡಿ ಬಿಡುತ್ತೇನೆ, ಎರಡನೇ ದಿನಕ್ಕೆ ಕೈ ನಡುಗಿ ಮತ್ತೆ ಶುರು. ಈ ಸಲ ಹಳೆಗೋವೆಯಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆ, ನೊವೆನಾ, ಆರಂಭವಾಗುವ ನವೆಂಬರ್ 24ರಂದೇ ಪೂರ್ತಿ ನಿಲ್ಲಿಸಬೇಕೆಂದಿದ್ದೇನೆ.
— ಓದುಗ, ವಾಸ್ಕೋ

ಉತ್ತರ: ನಿಮ್ಮ ನಿರ್ಧಾರ ದೊಡ್ಡದು, ಆದರೆ ಡಾಕ್ಟರಿಲ್ಲದೆ ಒಮ್ಮೆಲೇ ನಿಲ್ಲಿಸಬೇಡಿ. ದಿನವೂ ಕುಡಿಯುವವರು ದಿಢೀರನೆ ಬಿಟ್ಟರೆ 6ರಿಂದ 48 ತಾಸಿನೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಜ್ವರ, ಭ್ರಮೆ, ಕಣ್ಣೆದುರು ಇಲ್ಲದ್ದು ಕಾಣುವುದು. ಜೀವಕ್ಕೇ ಅಪಾಯ. ಕೈ ನಡುಗುವುದು ನಿಮ್ಮ ಭಕ್ತಿ ಕಡಿಮೆಯಾದದ್ದರಿಂದಲ್ಲ, ಮದ್ಯಕ್ಕೆ ಒಗ್ಗಿದ ನರಗಳು ಅದಿಲ್ಲದೆ ಕೆರಳುವುದರಿಂದ. ನೊವೆನಾಗೆ ಹತ್ತು ದಿನ ಮೊದಲೇ ಬಾಂಬೋಳಿಯ ಮನೋವೈದ್ಯಕೀಯ ಸಂಸ್ಥೆಗೆ ಹೋಗಿ, ಎಷ್ಟು ಕುಡಿಯುತ್ತೀರಿ ಎಂಬುದನ್ನು ಕಡಿಮೆ ಮಾಡದೆ ಹೇಳಿ. ನಡುಕ ತಡೆಯುವ ಔಷಧಿಯನ್ನೂ ಬಿ1 ವಿಟಮಿನ್ನನ್ನೂ ಅವರು ಕೊಡುತ್ತಾರೆ.

ಪಾಪನಿವೇದನೆಯಲ್ಲಿ ‘ಕುಡಿದೆ’ ಎಂದಷ್ಟೇ ಹೇಳಿ ಮುಗಿಸಬೇಡಿ. ಯಾವ ಹೊತ್ತು, ಯಾರ ಜೊತೆ, ಯಾರ ದುಡ್ಡು ಎಂಬುದೂ ಬರಲಿ. ಕೇಳಿದ ಗುರುಗಳು ಅದನ್ನು ಯಾರಿಗೂ ಹೇಳುವಂತಿಲ್ಲ. ಹೊರಗೆಡವಿದರೆ ಧರ್ಮಸಭೆಯಿಂದಲೇ ಬಹಿಷ್ಕಾರ. ಹೆಂಡತಿಗೆ ಕೊಡಬೇಕಾದ ದುಡ್ಡಿದ್ದರೆ ಅದನ್ನು ತೀರಿಸುವುದೂ ಪ್ರಾಯಶ್ಚಿತ್ತದ ಭಾಗವೇ. ಆಮೇಲೆ ವಾರಕ್ಕೊಮ್ಮೆಯಾದರೂ, ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗೆ ಹೋಗಿ. ಜಾರಿದರೆ ಮುಂದಿನ ಹಬ್ಬದವರೆಗೆ ಕಾಯಬೇಡಿ, ಮರುದಿನವೇ ಹೋಗಿ ಹೇಳಿ.

ಪ್ರಶ್ನೆ: ಎಲ್ಲ ಕಳೆದುಕೊಂಡು ಎದ್ದವರ ನೆಲವೊಂದನ್ನು ಕಣ್ಣಾರೆ ನೋಡಬೇಕೆನಿಸಿದೆ. ಹತ್ತಿರದಲ್ಲಿ ಎಲ್ಲಿದೆ?
— ಓದುಗರು, ಪಿಂಪ್ರಿ, ಪುಣೆ

ಉತ್ತರ: ದೌಂಡ್ ಮಾರ್ಗದ ರೈಲು ಹತ್ತಿ ಕೇಡಗಾಂವ್‌ನಲ್ಲಿ ಇಳಿಯಿರಿ. ಪಂಡಿತಾ ರಮಾಬಾಯಿ ಕಟ್ಟಿದ ಮುಕ್ತಿ ಮಿಷನ್ ಅಲ್ಲಿದೆ. ಆಕೆ ನಮ್ಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದವರು. ತಂದೆತಾಯಿ ಬರಗಾಲದಲ್ಲಿ ತೀರಿಕೊಂಡರು, 1880ರಲ್ಲಿ ಅಣ್ಣ, 1882ರಲ್ಲಿ ಗಂಡ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವೆಂಬ ಶಾಲೆ ತೆರೆದು ಮರುವರ್ಷ ಪುಣೆಗೆ ತಂದರು. ಆಮೇಲೆ ಬರಗಾಲದಲ್ಲಿ ದಿಕ್ಕಿಲ್ಲದ ಹೆಣ್ಣುಮಕ್ಕಳಿಗೆ ಕೇಡಗಾಂವ್‌ನಲ್ಲಿ ಆಸರೆ ಕೊಟ್ಟರು. 1921ರಲ್ಲಿ ಮಗಳು ಮನೋರಮೆಯೂ ಹೋದಳು. ಹೀಬ್ರೂ, ಗ್ರೀಕ್ ಮೂಲದಿಂದ ಮರಾಠಿಗೆ ತರುತ್ತಿದ್ದ ಬೈಬಲಿನ ಕೆಲಸವನ್ನು ಆಗಲೂ ಅವರು ಬಿಡಲಿಲ್ಲ. 1922ರ ಏಪ್ರಿಲ್ 5ರಂದು ತೀರಿಕೊಂಡರು. ಅಲ್ಲಿ ಈಗಲೂ ಹೆಣ್ಣುಮಕ್ಕಳೂ ಮಕ್ಕಳೂ ವಾಸವಿದ್ದಾರೆ, ಆದ್ದರಿಂದ ಮೊದಲೇ ಕೇಳಿ ಅನುಮತಿ ಪಡೆದು ಹೋಗಿ, ಫೋಟೋ ತೆಗೆಯಬೇಡಿ.