ಬೋರ್ಡು ನೋಡಿ ಸಭೆ ಆರಿಸಬೇಡಿ

ಬ್ರದರ್, ಅಮೆರಿಕದಲ್ಲಿ ಯಾವ ಸಭೆಯನ್ನು (ಚರ್ಚನ್ನು) ಇವ್ಯಾಂಜೆಲಿಕಲ್, ಅಂದರೆ ಸತ್ಯವೇದಕ್ಕೂ ಸುವಾರ್ತೆಗೂ ಒತ್ತು ಕೊಡುವ ಪ್ರೊಟೆಸ್ಟಂಟ್ ಸಭೆ ಅಂತ ನಂಬಬಹುದು, ಮಗುವಾಗಿದ್ದಾಗ ಆದ ದೀಕ್ಷಾಸ್ನಾನವನ್ನು (ಬ್ಯಾಪ್ಟಿಸಮ್) ಇಲ್ಲಿ ಒಪ್ಪುತ್ತಾರಾ ಅಂತ ಕೇಳಿದ್ದೀರಿ. ಬಂದ ಹೊಸದರಲ್ಲಿ ನಾನೂ ಕೇಳಿದ್ದು ಇದನ್ನೇ.

ಇವ್ಯಾಂಜೆಲಿಕಲ್ ಲೂಥರನ್ ಚರ್ಚ್ ಇನ್ ಅಮೆರಿಕದ ಹೆಸರಲ್ಲೇ ಆ ಪದವಿದೆ, ಆದರೂ ಇಲ್ಲಿ ಅದನ್ನು ಮೇನ್‌ಲೈನ್, ಅಂದರೆ ಇವ್ಯಾಂಜೆಲಿಕಲ್ ಅಲ್ಲದ ಹಳೆಯ ಪ್ರೊಟೆಸ್ಟಂಟ್ ಸಭೆಗಳ ಗುಂಪಿಗೇ ಸೇರಿಸುತ್ತಾರೆ. 1942ರಲ್ಲಿ ಹುಟ್ಟಿದ ನ್ಯಾಷನಲ್ ಅಸೋಸಿಯೇಷನ್ ಆಫ್ ಇವ್ಯಾಂಜೆಲಿಕಲ್ಸ್ ಎಂಬ ಒಕ್ಕೂಟದ ಸದಸ್ಯತ್ವವೂ ಅಳತೆಗೋಲಲ್ಲ. ಸದರ್ನ್ ಬ್ಯಾಪ್ಟಿಸ್ಟರು ಅದರಲ್ಲಿಲ್ಲ. ಹಾಗಂತ ಅವರನ್ನು ಇವ್ಯಾಂಜೆಲಿಕಲ್ ಅಲ್ಲ ಅನ್ನುವವರುಂಟೇ?

ಸಭೆಯ ವೆಬ್‌ಸೈಟಿನಲ್ಲಿರುವ ನಂಬಿಕೆಯ ಹೇಳಿಕೆ ಓದಿ. ಇತಿಹಾಸಕಾರ ಡೇವಿಡ್ ಬೆಬಿಂಗ್ಟನ್ 1989ರಲ್ಲಿ ನಾಲ್ಕು ಲಕ್ಷಣ ಗುರುತಿಸಿದರು: ಸತ್ಯವೇದದ ಅಧಿಕಾರ, ಶಿಲುಬೆಯ ಬಲಿ, ಮಾನಸಾಂತರ, ಸುವಾರ್ತೆಯ ದುಡಿಮೆ. ಅದು ಚರಿತ್ರೆಯ ವರ್ಣನೆ, ವಿಶ್ವಾಸಪ್ರಮಾಣವಲ್ಲ. ತ್ರಯೇಕತ್ವ, ಅಂದರೆ ಒಬ್ಬನೇ ದೇವರಲ್ಲಿ ಮೂವರು ವ್ಯಕ್ತಿಗಳೆಂಬ ನಂಬಿಕೆ, ಆ ಪಟ್ಟಿಯಲ್ಲಿಲ್ಲ. ಒನ್‌ನೆಸ್ ಪೆಂಟೆಕೋಸ್ಟಲರಲ್ಲಿ ಈ ನಾಲ್ಕೂ ಕಾಣಸಿಗುತ್ತವೆ. ಆದರೆ ತಂದೆ, ಮಗ, ಪವಿತ್ರಾತ್ಮ ಮೂವರು ವ್ಯಕ್ತಿಗಳೆಂದು ಅವರು ಒಪ್ಪುವುದಿಲ್ಲ, ಅದಕ್ಕೇ ಅವರು ಇವ್ಯಾಂಜೆಲಿಕಲ್ ಗಡಿಯಾಚೆ. ಹಾಡು, ಪ್ರಾರ್ಥನೆಯಲ್ಲಿ ಇದು ತಿಳಿಯದು. ಯೇಸುವಿನ ಹೆಸರಿನಲ್ಲಿ ಮಾತ್ರ ದೀಕ್ಷಾಸ್ನಾನ ಎಂಬ ಸಾಲು ಕಂಡರೆ ತಡೆದು ವಿಚಾರಿಸಿ.

ಪವಿತ್ರಾತ್ಮನ ವರವಾಗಿ ಅನ್ಯಭಾಷೆ ಮಾತಾಡುವುದು, ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆ, ಇವು ಗಡಿಯ ಪ್ರಶ್ನೆಗಳೇ ಅಲ್ಲ, ಬಿಡಿ.

ಮಗುವಾಗಿದ್ದಾಗಲೇ ದೀಕ್ಷಾಸ್ನಾನವಾಗಿ ಊರಿಂದ ಬಂದ ನಮ್ಮವರು ಎಡವುವುದು ದೀಕ್ಷಾಸ್ನಾನದಲ್ಲಿ. ಪ್ರೆಸ್ಬಿಟೇರಿಯನ್ ಚರ್ಚ್ ಇನ್ ಅಮೆರಿಕ ಶಿಶು ದೀಕ್ಷಾಸ್ನಾನ ಒಪ್ಪುತ್ತದೆ. ಸದರ್ನ್ ಬ್ಯಾಪ್ಟಿಸ್ಟರ 2000ದ ಹೇಳಿಕೆಯಂತೆ ನಂಬಿದ ಮೇಲೆ ಮುಳುಗಿ ತೆಗೆದುಕೊಂಡ ದೀಕ್ಷಾಸ್ನಾನವಿದ್ದರೇ ಸದಸ್ಯತ್ವ, ರೊಟ್ಟಿ ದ್ರಾಕ್ಷಾರಸದ ಕರ್ತನ ಭೋಜನ. ಎರಡೂ ಇವ್ಯಾಂಜೆಲಿಕಲ್ ಸಭೆಗಳೇ. ಅಂದರೆ ನೀವು ಗಡಿಯೊಳಗಿದ್ದೂ ಒಂದು ಸಭೆಯ ರಿಜಿಸ್ಟರಿನಿಂದ ಹೊರಗುಳಿಯಬಹುದು. ಬ್ಯಾಪ್ಟಿಸ್ಟರ ಲೆಕ್ಕದಲ್ಲಿ ನೀವು ಈಗ ತೆಗೆದುಕೊಳ್ಳುವುದು ಎರಡನೆಯ ಸ್ನಾನವಲ್ಲ, ಮೊದಲನೆಯದೇ. ನಮಗೆ ಅಪ್ಪ ಅಮ್ಮ ಮಾಡಿಸಿದ್ದನ್ನು ಅಳಿಸಿದ ಹಾಗೆ; ಊರಿನ ಸಭೆಯ ಅಯ್ಯನವರಿಗೆ ಏನು ಹೇಳುವುದು ಅನ್ನೋ ಸಂಕಟ ನಿಮಗೆ ವಿವರಿಸಬೇಕಿಲ್ಲ.

ಆದ್ದರಿಂದ ಸದಸ್ಯತ್ವದ ಕ್ಲಾಸಿಗೆ ಹೆಸರು ಕೊಡುವ ಮೊದಲೇ ಪಾಸ್ಟರನ್ನು ಕೇಳಿ: ನನ್ನ ಶಿಶು ದೀಕ್ಷಾಸ್ನಾನ, ಬೆಳೆದ ಮೇಲೆ ನಾನೇ ನಂಬಿಕೆ ಅರಿಕೆ ಮಾಡಿದ ದೃಢೀಕರಣ ಒಪ್ಪುತ್ತೀರಾ? ಇಲ್ಲವಾದರೆ ಭೋಜನಕ್ಕೆ ಬರಬಹುದಾ? ನಾಳೆ ಮಗುವಾದರೆ ದೀಕ್ಷಾಸ್ನಾನ ಕೊಡುತ್ತೀರಾ, ಸ್ನಾನವಿಲ್ಲದೆ ಬರೀ ದೇವರಿಗೆ ಒಪ್ಪಿಸುವ ಪ್ರತಿಷ್ಠೆ ಮಾಡುತ್ತೀರಾ? ಮಕ್ಕಳು ಸಂಡೇ ಸ್ಕೂಲಿಗೆ ಹೊಂದಿಕೊಂಡು, ನೀವು ಕ್ವಾಯರ್ ಸೇರಿದ ಮೇಲೆ ಕೇಳಿದರೆ ಉತ್ತರ ಅದೇ, ನೋವು ಹೆಚ್ಚು. ಇದೊಂದಕ್ಕೇ ಸಭೆ ಬಿಟ್ಟು, ಅವರು ವಿಶ್ವಾಸಿಗಳೇ ಅಲ್ಲ ಎಂದು ಹೊರಟ ನಮ್ಮ ಮನೆತನಗಳಿವೆ. ಆ ಕಹಿ ಇನ್ನೂ ಆರಿಲ್ಲ ಅನ್ನುವುದೇ ನನ್ನ ಕೊರಗು.

ದೀಕ್ಷಾಸ್ನಾನ, ದೃಢೀಕರಣದ ಸರ್ಟಿಫಿಕೇಟು ಊರಲ್ಲೇ ಉಳಿದಿದ್ದರೆ ಈಗಲೇ ತರಿಸಿಕೊಳ್ಳಿ. ಶಿಶು ದೀಕ್ಷಾಸ್ನಾನ ಒಪ್ಪುವ ಸಭೆಯೂ ದಾಖಲೆ ಕೇಳಬಹುದು.