ಓದುಗರ ಕಟ್ಟೆ: ಹಂಪಿ ಯೂನಿವರ್ಸಿಟಿಯಾಗ ಬಿಎ ಯಾಕಿಲ್ಲ?

ಪ್ರಶ್ನೆ: ಸರ್, ನಮ್ಮ ಮಗ ಕನ್ನಡ ಎಂಎ ಮುಗಿಸ್ಯಾನ, ಈಗ ಹಂಪಿ ಕನ್ನಡ ಯೂನಿವರ್ಸಿಟಿಗೆ ಪಿಎಚ್‌ಡಿಗೆ ಹೋಗ್ತೀನಿ ಅಂತ ಕುಂತಾನ. ಊರಾಗ ಕೇಳಿದ್ರ ಅಲ್ಲಿ ಬಿಎ ಇಲ್ಲ ಬಿಕಾಂ ಇಲ್ಲ, ಹುಡುಗ್ರೇ ಕಾಣಂಗಿಲ್ಲ, ಅದೆಂಥಾ ಯೂನಿವರ್ಸಿಟಿ ಅಂತಾರ. ಅದು ಸರ್ಕಾರದ್ದೋ ಖಾಸಗಿದೋ? ಕಳಿಸಬೇಕೋ ಬ್ಯಾಡೋ?
– ಒಬ್ಬ ತಂದೆ, ಯಲಬುರ್ಗಾ

ಉತ್ತರ: ಸರ್ಕಾರದ್ದೇ ರೀ ಯಜಮಾನ್ರ, ಅದರಾಗ ಅನುಮಾನ ಬ್ಯಾಡ. 1991ರಾಗ ರಾಜ್ಯ ಸರ್ಕಾರನ ಕಾಯ್ದೆ ಮಾಡಿ ಕಟ್ಟಿದ್ದು. ಊರ ಮಂದಿ ಹಂಗ ಅನ್ನೋದಕ್ಕೂ ಕಾರಣ ಐತಿ, ಯಾಕಂದ್ರ ನಾವು ನೋಡಿದ ಯೂನಿವರ್ಸಿಟಿ ಅಂದ್ರ 1980ರ ಗುಲ್ಬರ್ಗಾ, 2010ರ ಬಳ್ಳಾರಿ, ಮೊನ್ನೆ 2023ರಾಗ ಆದ ನಮ್ಮ ಕೊಪ್ಪಳದ್ದು, ಇವುಕ್ಕೆಲ್ಲ ಕೈಕೆಳಗ ಡಿಗ್ರಿ ಕಾಲೇಜ್ ಅದಾವ, ಪರೀಕ್ಷೆ, ರಿಸಲ್ಟು, ಮಾರ್ಕ್ಸ್ ಕಾರ್ಡು, ರಿವ್ಯಾಲ್ಯುಯೇಷನ್ ಅಂತ ಅರ್ಧ ವರ್ಷ ಅದ್ರಾಗ ಹೋಗ್ತೈತಿ. ಹಂಪಿಗೆ ಆ ತಲಿನೋವಿಲ್ಲ. ಅದನ್ನ ಕಟ್ಟಿದ್ದು ಸಂಶೋಧನೆಗೆ ಅಂತ, ಎಂಎ ತರಗತಿ ಎಲ್ಲ ಆಮ್ಯಾಲೆ ಬಂದಿದ್ದು. ತಂಜಾವೂರಾಗ 1981ಕ್ಕ ತಮಿಳಿಗೆ, ಹೈದರಾಬಾದಿನಾಗ 1985ಕ್ಕ ತೆಲುಗಿಗೆ ಇಂಥದೊಂದು ಆಗಿತ್ತು, ನಮ್ಮದು ಸ್ವಲ್ಪ ತಡ.

ಮೊದಲನೇ ಕುಲಪತಿ ಚಂದ್ರಶೇಖರ ಕಂಬಾರರು, ನಾಟಕ-ಜಾನಪದದ ಮನುಷ್ಯ. ಅವರ ನಂತರ ಎಂ.ಎಂ. ಕಲಬುರ್ಗಿ, ಶಾಸನ ಮತ್ತು ವಚನದ ದೊಡ್ಡ ವಿದ್ವಾಂಸರು. ಯೂನಿವರ್ಸಿಟಿಯ ಗುಣ ಈ ಇಬ್ಬರ ಹೆಸರಿನಾಗ ಅರ್ಧ ಗೊತ್ತಾಗ್ತೈತಿ: ಒಂದು ಕಡೆ ಹಾಡೋರ ಬಾಯಿ, ಇನ್ನೊಂದು ಕಡೆ ಕಲ್ಲು ಮತ್ತ ಓಲೆಗರಿ. ಮಂಟೇಸ್ವಾಮಿ, ಜುಂಜಪ್ಪ ಇಂಥಾ ಕಾವ್ಯಗಳನ್ನ ಹಾಡೋರ ಹತ್ರ ಕುಂತು ಬರಕೊಂಡು ದಪ್ಪ ದಪ್ಪ ಪುಸ್ತಕ ಮಾಡ್ಯಾರ. ನನ್ನ ಕೇಳಿದ್ರ ಆ ಯೂನಿವರ್ಸಿಟಿ ಬ್ಯಾರೆ ಏನೂ ಮಾಡದಿದ್ರೂ ಇದೊಂದಕ್ಕ ಅದು ಇರಬೇಕು. ಬರೇ ಸಾಹಿತ್ಯ ಅಂತ ತಿಳ್ಕೋಬ್ಯಾಡ್ರಿ, ಚರಿತ್ರೆ, ಬುಡಕಟ್ಟು ಅಧ್ಯಯನ, ಮಹಿಳಾ ಅಧ್ಯಯನ, ಅಭಿವೃದ್ಧಿ ಅಧ್ಯಯನ, ಹಸ್ತಪ್ರತಿ, ಸಂಗೀತ ಎಲ್ಲಾ ಐತಿ, ಥೀಸಿಸ್ ಬರೆಯೋದು ಕನ್ನಡದಾಗ. ಹುಡುಗ್ರು ಕಾಣಂಗಿಲ್ಲ ಅಂದ್ರ ಕೆಲವ್ರು ಯಾವ್ದೋ ಹಟ್ಟಿ, ತಾಂಡಾದಾಗ ರೆಕಾರ್ಡಿಂಗ್ ಮಾಡ್ತಾ ಕುಂತಿರ್ತಾರ. ಎಲ್ಲಾ ಥೀಸಿಸ್ಸೂ ಬಂಗಾರ ಅಂತ ನಾ ಹೇಳಂಗಿಲ್ಲ, ಹತ್ತು ಪುಸ್ತಕ ಸೇರಿಸಿ ಹನ್ನೊಂದನೇದು ಮಾಡಿದ್ದೂ ಇರ್ತಾವ, ಅದು ಎಲ್ಲಾ ಕಡೆ ಇದ್ದಿದ್ದೇ.

ಕಳಿಸ್ರಿ, ಆದ್ರ ಮೊದ್ಲು ಮಗನ್ನ ಕೂಡಿಸ್ಕೊಂಡು ಕೇಳ್ರಿ, ಯಾವ ವಿಷಯ, ಯಾವ ಗೈಡ್, ಆ ಗೈಡ್ ಹತ್ರ ಸೀಟು ಖಾಲಿ ಐತೇನು ಅಂತ. ಯೂನಿವರ್ಸಿಟಿಗಳಿಗೆ ನಿಯಮ ಮಾಡೋ ಕೇಂದ್ರದ ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಸಾಮಾನ್ಯವಾಗಿ 6 ವರ್ಷದವರೆಗೂ ಎಳೀಬಹುದು, ಅಷ್ಟು ದಿನ ಖರ್ಚು ಹೆಂಗ ಅನ್ನೋದೂ ಮಾತಾಡ್ರಿ, ಅನುದಾನ ಸಾಲದೆ ಫೆಲೋಶಿಪ್ ತಡ ಆಗಿ ಹುಡುಗ್ರು ಧರಣಿ ಕುಂತಿದ್ದು ಪೇಪರಿನಾಗ ಬಂದೈತಿ. ಬರೇ ಲೆಕ್ಚರರ್ ಕೆಲಸದ ಆಸೆ ಇದ್ರ ಮೊದ್ಲು ಕೆಸೆಟ್ (ಲೆಕ್ಚರರ್ ಅರ್ಹತೆಗೆ ನಮ್ಮ ರಾಜ್ಯದಾಗ ನಡೆಯೋ ಸೆಟ್ ಪರೀಕ್ಷೆ) ಪಾಸಾಗ್ಲಿ, 2023ರಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ (ಅಂಥದೇ ದೇಶಮಟ್ಟದ ಪರೀಕ್ಷೆ) ಇಲ್ಲಾ ಸೆಟ್ ಇದ್ರ ಸಾಕು, ಪಿಎಚ್‌ಡಿ ಕಡ್ಡಾಯ ಅಲ್ಲ. ಸಂಶೋಧನೆ ಹುಚ್ಚು ಇದ್ದವನಿಗೆ ಮಾತ್ರ ಪಿಎಚ್‌ಡಿ.

ಪ್ರಶ್ನೆ: ಹಂಪಿ ಕನ್ನಡ ವಿವಿ ಈಗ್ಲೂ ಬಳ್ಳಾರಿ ಜಿಲ್ಲೆದೇನಾ?
– ಸಿರುಗುಪ್ಪದ ಓದುಗ

ಉತ್ತರ: ಅಲ್ಲ. 2021ರಾಗ ವಿಜಯನಗರ ಜಿಲ್ಲೆ ಬ್ಯಾರೆ ಆತು, ಅದರ ಜೊತಿಗೆ ಹೋತು. ಈಗ ಮಜಾ ನೋಡ್ರಿ, ಹೆಸರಿನಾಗ ವಿಜಯನಗರ ಇರೋ ಶ್ರೀಕೃಷ್ಣದೇವರಾಯ ಯೂನಿವರ್ಸಿಟಿ ಬಳ್ಳಾರಿಯಾಗ ಉಳೀತು. ಅರ್ಜಿ ಹಾಕೋ ಹುಡುಗ್ರು ಅಡ್ರೆಸ್ ಎರಡು ಸಲ ನೋಡ್ರಪ್ಪ.

ಪ್ರಶ್ನೆ: ನಮ್ಮ ಹೊಲದ ಬದುವಿನ ಮ್ಯಾಲೆ ಅಕ್ಷರ ಇರೋ ಕಲ್ಲು ಐತಿ. ಯಾರಿಗೆ ತೋರಿಸ್ಬೇಕು?
– ಲಿಂಗಸುಗೂರು ಕಡೆಯ ರೈತ

ಉತ್ತರ: ಮಸ್ಕಿ ನಿಮಗ ಹತ್ರನ ಐತಲ್ರೀ, ಅಶೋಕನ ಹೆಸರೇ ಬರೆದಿರೋ ಶಾಸನ ಅಲ್ಲಿ ಸಿಕ್ಕಿದ್ದು 1915ರಾಗ, ಹಂಗಾಗಿ ನಿಮ್ಮ ಸೀಮಿ ಕಲ್ಲನ್ನ ಹಗುರ ಮಾಡಂಗಿಲ್ಲ. ಕನ್ನಡ ವಿವಿಯವರು ಜಿಲ್ಲಾವಾರು ಶಾಸನ ಸಂಪುಟ ತಂದಾರ, ಮೊದ್ಲು ಅದ್ರಾಗ ನಿಮ್ಮೂರ ಹೆಸರು ಐತೇನು ನೋಡ್ರಿ. ಇಲ್ಲಂದ್ರ ಅಲ್ಲಿನ ಪುರಾತತ್ವ ವಿಭಾಗಕ್ಕ ಫೋಟೋ ಕಳಿಸ್ರಿ. ಮಧ್ಯಾಹ್ನದ ಬಿಸಿಲಾಗ ತೆಗಿಬ್ಯಾಡ್ರಿ, ಮುಂಜಾನೆ ಇಲ್ಲಾ ಸಂಜಿ ಓರೆ ಬೆಳಕಿನಾಗ ತೆಗೀರಿ, ಅಕ್ಷರ ಎದ್ದು ಕಾಣ್ತಾವ. ಸುಣ್ಣ, ಎಣ್ಣಿ, ಕುಂಕುಮ ಹಚ್ಚಬ್ಯಾಡ್ರಿ, ಮೊಳೆ ತಗೊಂಡು ಅಕ್ಷರ ಕೆರಿಯೋದಂತೂ ಬ್ಯಾಡೇ ಬ್ಯಾಡ. ಕಲ್ಲು ಕಿತ್ತು ಮನಿಗೆ ತರಬ್ಯಾಡ್ರಿ, ಎಷ್ಟೋ ಶಾಸನ ಭೂಮಿ ದಾನದ ಲೆಕ್ಕ ಹೇಳ್ತಾವ, ಕಲ್ಲು ಜಾಗ ಬಿಟ್ರ ಆ ಭೂಮಿ ಯಾವ್ದು ಅಂತ ಗುರುತು ಹಿಡಿಯೋದು ಕಷ್ಟ. ಫೋಟೋ ಜೊತಿಗೆ ಊರು, ಸರ್ವೆ ನಂಬರ್ ಬರೀರಿ.