ಫೋಟೋ ಇದೆ, ಹುಡುಕಿದರೆ ಸಿಗುತ್ತಿಲ್ಲ

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ ಕಡೆಯ ಹಳ್ಳಿಗಳಲ್ಲಿ ವೀರಗಲ್ಲು, ಶಾಸನ, ಕೆರೆ ತೂಬು, ಕಲ್ಯಾಣಿಗಳ ಫೋಟೋ ತೆಗೆಯುತ್ತಾ ಬಂದಿದ್ದೇನೆ. ಎಲ್ಲವೂ ತಾರೀಕಿನ ಹೆಸರಿರುವ ಫೋಲ್ಡರ್‌ಗಳಲ್ಲಿವೆ. ಯಾರಾದರೂ 'ಆವಣಿಯದು ಕಳಿಸಿ' ಅಂದರೆ ಅರ್ಧ ದಿನ ಹುಡುಕಬೇಕು. ಅಣ್ಣನ ಮಗ ಡಿಜಿಕ್ಯಾಮ್ ಅನ್ನೋ ಫೋಟೋ ಜೋಡಿಸಿಡುವ ತಂತ್ರಾಂಶ ಹಾಕಿಕೊಟ್ಟು, ಟ್ಯಾಗ್ ಮಾಡಿ ಅಂದಿದ್ದಾನೆ. ಎಲ್ಲಿಂದ ಶುರು ಮಾಡಲಿ? ನಾಳೆ ಕಂಪ್ಯೂಟರ್ ಕೆಟ್ಟರೆ ಈ ಶ್ರಮ ಉಳಿಯುತ್ತದೆಯೇ?
– ಓದುಗರು, ಮುಳಬಾಗಿಲು

ಉತ್ತರ: ಮೇಷ್ಟ್ರೇ, ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ನೀವು ಹಾಕಿದ ಟ್ಯಾಗ್, ಅಂದರೆ ಫೋಟೋಗೆ ಅಂಟಿಸುವ ಗುರುತಿನ ಪದ, ಎರಡು ಕಡೆ ಇರಬಹುದು. ಒಂದು, ತಂತ್ರಾಂಶದ ಸ್ವಂತ ಡೇಟಾಬೇಸ್. ಇನ್ನೊಂದು, ಫೋಟೋ ಫೈಲಿನ ಒಳಗೇ. ಡೇಟಾಬೇಸ್‌ನಲ್ಲಿ ಮಾತ್ರ ಇದ್ದರೆ ಕಂಪ್ಯೂಟರ್ ಜೊತೆಗೆ ಅದೂ ಹೋಗುತ್ತದೆ. ಹಾಗಾಗಿ ಒಂದೂ ಟ್ಯಾಗ್ ಹಾಕುವ ಮುಂಚೆ ಡಿಜಿಕ್ಯಾಮ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ಮೆಟಾಡೇಟಾ (ಫೋಟೋ ಕುರಿತ ಮಾಹಿತಿ) ಪುಟ ತೆರೆದು, ಟ್ಯಾಗ್ ಮತ್ತು ಕ್ಯಾಪ್ಶನ್‌ಗಳನ್ನು ಫೈಲಿಗೆ ಬರೆಯುವ ಆಯ್ಕೆಗಳಿಗೆ ಟಿಕ್ ಇದೆಯಾ ನೋಡಿ. ಕ್ಯಾಮೆರಾದ ರಾ ಫೈಲ್ (ಜೆಪೆಗ್ ಆಗದ ಮೂಲ ಫೈಲ್) ಆದರೆ ಪಕ್ಕದಲ್ಲೇ ಎಕ್ಸ್ಎಂಪಿ ಅನ್ನೋ ಪುಟ್ಟ ಫೈಲ್ ಮಾಡಿಸಬಹುದು. ಫೋಟೋ ಎಲ್ಲಿಗೆ ಹೋದರೂ ಅದೂ ಜೊತೆಗೆ ಹೋಗಬೇಕು. ಇಷ್ಟು ಮಾಡಿ ಹತ್ತು ಜೆಪೆಗ್ ಫೋಟೋಗೆ ಟ್ಯಾಗ್ ಹಾಕಿ. ವಿಂಡೋಸ್‌ನಲ್ಲಿ ಆ ಫೈಲಿನ ಪ್ರಾಪರ್ಟೀಸ್, ಡೀಟೇಲ್ಸ್ ತೆರೆದರೆ ನಿಮ್ಮ ಪದಗಳು ಕಾಣಬೇಕು. ಕಂಡರೆ ಧೈರ್ಯವಾಗಿ ಮುಂದುವರಿಯಿರಿ. ಅದಕ್ಕೂ ಮೊದಲು ಎಲ್ಲಾ ಫೋಟೋಗಳ ಒಂದು ನಕಲು ಬೇರೆ ಹಾರ್ಡ್ ಡಿಸ್ಕ್‌ನಲ್ಲಿರಲಿ.

ಈಗ ಪದಗಳ ವಿಷಯ. ಇಲ್ಲೇ ಎಲ್ಲರೂ ಎಡವೋದು. ಒಂದು ಸಲ 'ಮುಳಬಾಗಿಲು', ಇನ್ನೊಂದು ಸಲ 'ಮುಳುಬಾಗಿಲು', ಮತ್ತೊಮ್ಮೆ ಇಂಗ್ಲಿಷಿನಲ್ಲಿ ಬರೆದರೆ ಒಂದೇ ಊರಿನ ಫೋಟೋ ಮೂರು ಗುಂಪಾಗುತ್ತದೆ. ಒಂದು ಕಾಗುಣಿತ ಹಿಡಿದು ಅದನ್ನೇ ಬಳಸಿ. ಕನ್ನಡದಲ್ಲೇ ಹಾಕಿ, ಏನೂ ತೊಂದರೆಯಿಲ್ಲ, ಆದರೆ ಟ್ಯಾಗ್ ಚಿಕ್ಕದಾಗಿರಲಿ. ಐಪಿಟಿಸಿ ಅನ್ನೋ ಹಳೆಯ ಪದ್ಧತಿಯಲ್ಲಿ ಒಂದು ಟ್ಯಾಗ್‌ಗೆ 64 ಬೈಟ್ ಮಾತ್ರ ಜಾಗ. ಕನ್ನಡದ ಪ್ರತಿ ಅಕ್ಷರಕ್ಕೂ, ಗುಣಿತ ಚಿಹ್ನೆಗೂ ಮೂರು ಮೂರು ಬೈಟ್ ಬೇಕು, ಒತ್ತಕ್ಷರವಾದರೆ ಆರು, ಅಂದರೆ ಹೆಚ್ಚೆಂದರೆ 21 ಚಿಹ್ನೆ ಆದಮೇಲೆ ಬಾಲ ಕತ್ತರಿಸಿಹೋಗಬಹುದು. ಹೊಸ ಎಕ್ಸ್ಎಂಪಿ ಪದ್ಧತಿಯಲ್ಲಿ ಈ ಮಿತಿ ಇಲ್ಲ. 'ವೀರಗಲ್ಲು', 'ಮಾಸ್ತಿಗಲ್ಲು', 'ತೂಬು', 'ಕಲ್ಯಾಣಿ' ಎರಡರಲ್ಲೂ ಆರಾಮಾಗಿ ಹಿಡಿಸುತ್ತವೆ.

ಊರಿನ ಟ್ಯಾಗ್‌ಗಳನ್ನು ಒಂದರೊಳಗೆ ಒಂದು ಇಡಿ: ಜಿಲ್ಲೆ, ಅದರೊಳಗೆ ತಾಲ್ಲೂಕು, ಅದರೊಳಗೆ ಊರು. ನಿಮ್ಮ ಕಡೆಯವರಿಗೆ ಇದು ಬೇಕೇ ಬೇಕು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದಾಗ ಚಿಂತಾಮಣಿ ಅಲ್ಲಿಗೆ ಹೋಯಿತು ಅಲ್ವಾ? ಹಳೇ ಫೋಲ್ಡರ್‌ಗಳಲ್ಲಿ ಅದು ಇನ್ನೂ ಕೋಲಾರ ಜಿಲ್ಲೆ ಅಂತಲೇ ಇರುತ್ತದೆ. ಟ್ಯಾಗ್ ಆದರೆ 'ಚಿಂತಾಮಣಿ'ಯನ್ನು ಎಳೆದು 'ಚಿಕ್ಕಬಳ್ಳಾಪುರ'ದೊಳಗೆ ಬಿಟ್ಟರೆ ಸಾಕು, ಒಳಗಿನ ಊರುಗಳೆಲ್ಲ ಜೊತೆಗೇ ಹೋಗುತ್ತವೆ.

ತಾರೀಕಿಗೆ ಟ್ಯಾಗ್ ಹಾಕಿ ಸುಮ್ನೆ ಸಮಯ ಕಳೆಯಬೇಡಿ. ಅದನ್ನು ಕ್ಯಾಮೆರಾ ಆಗಲೇ ಬರೆದಿರುತ್ತದೆ, ಲೊಕೇಶನ್ ಆನ್ ಇದ್ದರೆ ಮೊಬೈಲ್ ಜಾಗವನ್ನೂ ಬರೆದಿರುತ್ತದೆ. ನಿಮಗೆ ಮಾತ್ರ ಗೊತ್ತಿರೋದನ್ನು ಬರೆಯಿರಿ. ಆ ಕಲ್ಲನ್ನು ಊರವರು ಏನಂತ ಕರೆಯುತ್ತಾರೆ, ಯಾವ ಅಜ್ಜಿ ಅದರ ಕಥೆ ಹೇಳಿದರು, ಯಾರ ಹೊಲದ ಬದುವಿನಲ್ಲಿತ್ತು. ಇದಕ್ಕೆ ಕ್ಯಾಪ್ಶನ್ ಜಾಗ ಇದೆ, ಉದ್ದ ಎಷ್ಟಾದರೂ ಬರೆಯಿರಿ. ರಸ್ತೆ ಅಗಲ ಮಾಡುವಾಗ ಇಂಥ ಕಲ್ಲುಗಳು ಜಾಗ ಬದಲಾಯಿಸುತ್ತವೆ, ಕೆಲವು ಕಾಣೆಯಾಗುತ್ತವೆ, ಆಮೇಲೆ ನಿಮ್ಮ ಆ ನಾಲ್ಕು ಸಾಲೇ ದಾಖಲೆ. ಶಾಸನವಾದರೆ ಇನ್ನೊಂದು ಕೆಲಸ ಮಾಡಿ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ ಕೋಲಾರ ಜಿಲ್ಲೆಯದು, 1905ರದು, ತಾಲ್ಲೂಕುವಾರು ಸಂಖ್ಯೆ ಕೊಟ್ಟಿದ್ದಾರೆ. ಅದರಲ್ಲಿ ಸಿಕ್ಕರೆ ಆ ಸಂಖ್ಯೆಯನ್ನೂ ಕ್ಯಾಪ್ಶನ್‌ಗೆ ಸೇರಿಸಿ, ಸಿಗದಿದ್ದರೆ 'ಸಂಖ್ಯೆ ಸಿಕ್ಕಿಲ್ಲ' ಅಂತ ಒಂದು ಟ್ಯಾಗ್ ಹಾಕಿ. ಮುಂದೆ ಶಾಸನ ಓದುವವರು ಯಾರಾದರೂ ಸಿಕ್ಕಾಗ ಆ ಟ್ಯಾಗ್ ಒತ್ತಿ ಎಲ್ಲವನ್ನೂ ಒಟ್ಟಿಗೆ ತೋರಿಸಬಹುದು.

ಶುರು ಎಲ್ಲಿಂದ ಅಂದಿರಿ. ಹಳೆಯದರಿಂದ ಬೇಡ. ಈ ವಾರ ತೆಗೆದದ್ದರಿಂದ ಶುರು ಮಾಡಿ, ನೆನಪು ಹಸಿಯಾಗಿರುತ್ತದೆ. ಒಂದೂರಿನ ಫೋಟೋಗಳನ್ನೆಲ್ಲ ಒಟ್ಟಿಗೆ ಆರಿಸಿ ಊರಿನ ಟ್ಯಾಗ್ ಒಂದೇ ಸಲ ಹಾಕಿ. ಹಳೆಯದನ್ನು ಯಾರಾದರೂ ಕೇಳಿದಾಗ ಹೇಗೂ ಹುಡುಕುತ್ತೀರಲ್ಲ, ಆಗಲೇ ಆ ಫೋಲ್ಡರ್ ಮುಗಿಸಿ.

ಪ್ರಶ್ನೆ: ಟ್ಯಾಗ್ ಹಾಕಿದ ಫೋಟೋಗಳನ್ನು ವಾಟ್ಸಾಪ್‌ನಲ್ಲಿ ತಂಗಿಗೆ ಕಳಿಸಿದೆ. ಅವಳ ಬಳಿ ಒಂದೂ ಟ್ಯಾಗ್ ಕಾಣುತ್ತಿಲ್ಲ. ಯಾಕೆ?
– ಓದುಗರು, ಶಿಡ್ಲಘಟ್ಟ

ಉತ್ತರ: ಫೋಟೋ ಅಂತ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸಿ, ಒಳಗಿನ ಮಾಹಿತಿಯನ್ನೂ ತೆಗೆದುಹಾಕುತ್ತದೆ. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ, ಫೈಲ್ ಇದ್ದ ಹಾಗೇ ಹೋಗುತ್ತದೆ. ಆದರೆ ಮನೆ, ಮಕ್ಕಳ ಫೋಟೋ ಹೊರಗಿನವರಿಗೆ ಹೀಗೆ ಕಳಿಸುವಾಗ ಜೋಪಾನ. ಮನೆ ಇರುವ ಜಾಗದ ವಿವರವೂ ಅದರೊಳಗೇ ಹೋಗಬಹುದು.